ಸುಳ್ಳು ಹೇಳದ ಮುಳ್ಳು

ಸಿಹಿ ವಾಸನೆ, ಪಾಕ ತಳ ಹಿಡಿಯುವ ಮುಂಚಿನ ವಾಸನೆ, ಎಲ್ಲಿಂದ, ಅಡುಗೆಮನೆಯಿಂದಲ್ಲ, ಹೆಂಡತಿ ಮೇವಿಸ್ ತೀರಿಹೋಗಿ ಒಂಬತ್ತು ವರ್ಷವಾಯಿತು, ಆಮೇಲೆ ಈ ಮನೆಯಲ್ಲಿ ಯಾರೂ ಜಾಮ್ ಕಾಯಿಸಿಲ್ಲ — ಕಾರಿನಿಂದ, ಹೌದು, ಎಂಜಿನ್ನಿನೊಳಗಿನ ಹಸಿರು ನೀರು ಕುದಿಯಲು ಬಂದಾಗ ಹೀಗೇ ಸಿಹಿಯಾಗಿ ನಾರುತ್ತದೆ, ಸಿರಿಲ್‌ನ ಮೂಗಿಗೆ ಅದು ಗೊತ್ತು, ಕವೆಂಟ್ರಿಯ ಈ ಹಿತ್ತಲಿನ ಶೆಡ್ಡಿನಲ್ಲಿ ಐವತ್ತು ವರ್ಷ ಊರವರ ಸ್ಪೋರ್ಟ್ಸ್ ಕಾರುಗಳನ್ನೆಲ್ಲ ಮೂಸಿಯೇ ರಿಪೇರಿ ಮಾಡಿದವನು, ಈಗ ಮಗಳು ಹೇಜಲ್ ಹೊರಗೆ ತಂದಿಟ್ಟ ಕುರ್ಚಿಯಲ್ಲಿ, ಜೂನ್ ಬಿಸಿಲಲ್ಲೂ ತೊಡೆಯ ಮೇಲೆ ಕಂಬಳಿ, ಬಲಗೈ ಯಾರೋ ಮರೆತುಹೋದ ಗ್ಲೌಸಿನ ಹಾಗೆ ಮಡಿಲಲ್ಲಿ ಬಿದ್ದಿದೆ, ಮತ್ತೆ ಆ ವಾಸನೆ, ಹೇಜಲ್‌ಗೆ ಬರುತ್ತಿಲ್ಲವೇ, ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತಿದ್ದಾಳಲ್ಲ, ನಲವತ್ತಾರರ ಹೆಂಗಸು, ಹಿಂದಿನಿಂದ ನೋಡಿದರೆ ಥೇಟ್ ಮೇವಿಸ್, ಅದೇ ಬಾಗಿದ ಭುಜ, ಬೈಗುಳ ಬೀಳುತ್ತದೆಂದು ಮೊದಲೇ ಬಾಗಿರುವ ಭುಜ — ಬಿಸಿ ತೋರಿಸೋ ಮುಳ್ಳು ಇನ್ನೂ ಕೆಂಪಲ್ಲೇ ನಿಂತಿದೆ ಡಗ್, ಅನ್ನುತ್ತಾಳೆ, ಪಕ್ಕದ ಮನೆಯ ಡಗ್ ಬೇಲಿಯ ಗೇಟು ತಳ್ಳಿಕೊಂಡು ಬಂದವನು ಇಣುಕಿ ನೋಡುತ್ತಾನೆ, ಗೇಜೇ ಹೋಗಿರ್ಬೇಕು ಕಣಮ್ಮ, ಹಳೇ ಗಾಡಿ, ಅನ್ನುತ್ತಾನೆ, ಮುಠ್ಠಾಳ, ಸೈಕಲ್ ಚೈನು ಹಾಕಲು ಬರುವುದಿಲ್ಲ ಇವನಿಗೆ, ಅದನ್ನು ಇವನ ಮುಖಕ್ಕೇ ಎಷ್ಟು ಸಲ ಅಂದಿಲ್ಲ, ಆಗ ಬಾಯಿತ್ತು.

ನಾಳೆ ಭಾನುವಾರ, ಕಾರು ಕ್ಲಬ್ಬಿನವರೆಲ್ಲ ಸಾಲಾಗಿ ಬೆಟ್ಟದ ದಾರಿ ಹಿಡಿಯುತ್ತಾರೆ, ಹೇಜಲ್ ಕೂಡ ಹೊರಡುತ್ತಾಳಂತೆ, ತಾನೇ ಓಡಿಸಿಕೊಂಡು, ಸಿರಿಲ್‌ನ ಕಾರನ್ನು, ಹಿಂದೆಲ್ಲ ಕೀಲಿ ಮುಟ್ಟಿದರೂ ಕೈ ಮೇಲೆ ಏಟು ಬೀಳುತ್ತಿತ್ತು ಅವಳಿಗೆ — ಆದರೂ ಹುಡುಕುವ ಕ್ರಮ ತಪ್ಪಿಲ್ಲ, ಬೆಳಿಗ್ಗೆಯಿಂದ ನೋಡುತ್ತಿದ್ದಾನೆ, ಮೊದಲು ಪೆಟ್ರೋಲಿನ ಮುಳ್ಳು ನೋಡಿದಳು, ಅದು ಸರಿಯಿದೆ, ಅಂದಮೇಲೆ ಎರಡು ಗೇಜಿಗೂ ಬರುವ ಕರೆಂಟು ಸರಿಯಿದೆ, ಆಮೇಲೆ ಎಂಜಿನ್ನಿನ ತಲೆಯಲ್ಲಿ ಕೂತು ಬಿಸಿ ಎಷ್ಟೆಂದು ಗೇಜಿಗೆ ತಿಳಿಸುವ ಸೆನ್ಸರಿನ ವೈರು ಕಿತ್ತಳು, ಮುಳ್ಳು ಸೊಯ್ಯನೆ ಕೆಳಗಿಳಿಯಿತು, ವೈರೂ ಸರಿ, ಹಾಗಾದರೆ ಸೆನ್ಸರ್ ಕೆಟ್ಟಿದೆ, ಹೊಸದು ತಿರುಪಿ ಕೂರಿಸಿದಳು, ಮತ್ತೆ ಕಾಲು ಗಂಟೆ ಎಂಜಿನ್ ಓಡಿಸಿದಳು, ಮುಳ್ಳು ಮತ್ತೆ ಕೆಂಪಿಗೇ ಹೋಗಿ ನಿಂತಿತು, ಈಗ ಅವಳು ಎಂಜಿನ್ ಆರಿಸಿ ಅಂಗೈಯನ್ನು ಮುಂದಿನ ರೇಡಿಯೇಟರಿಗೆ ಒತ್ತಿ, ನೋಡು ಡಗ್, ತಣ್ಣಗಿದೆ, ಬೆಣ್ಣೆ ಇಟ್ರೂ ಕರಗಲ್ಲ, ಹೊಸ ಸೆನ್ಸರೂ ಸುಳ್ಳು ಹೇಳ್ತಿದೆ, ಈಗಿನ ಕಾಲದ ಸಾಮಾನೆಲ್ಲ ಇಷ್ಟೇ — ಅಲ್ಲ, ಅಲ್ಲ ಕಣೆ, ಬೇರೆ ಬೇರೆ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದು ಸುಳ್ಳಲ್ಲ, ರೇಡಿಯೇಟರ್ ತಣ್ಣಗಿರುವುದೇ ರೋಗ, ನೀರು ಅಲ್ಲಿಗೆ ಬರುತ್ತಲೇ ಇಲ್ಲ, ನಡುವಿನ ವಾಲ್ವು ಮುಚ್ಚಿಕೊಂಡು ಕಚ್ಚಿದೆ, ಬಿಸಿಯೆಲ್ಲ ತಲೆಯಲ್ಲೇ ನಿಂತಿದೆ, ತಲೆಯಲ್ಲಿ, ಅದರ ಪಕ್ಕದ ಸಣ್ಣ ಹಿತ್ತಾಳೆ ನೀರುತೊಟ್ಟಿಯಲ್ಲಿ, ಹೊರಬರಲು ದಾರಿಯಿಲ್ಲದೆ, ಬಾಯಿ ತೆರೆದ, ವಾಲ್ವು ಅನ್ನಬೇಕು, ಎರಡೇ ಅಕ್ಷರ, ನಾಲಿಗೆ ಎತ್ತಿದ —

ಭೇಷ್.

ಕೇಳಿಸ್ತಾ ಡಗ್, ಅಪ್ಪ ಹೊಗಳ್ತಿದ್ದಾನೆ, ಅಂದಳು ಹೇಜಲ್, ತಿರುಗಿಯೂ ನೋಡದೆ, ಫೆಬ್ರುವರಿಯಲ್ಲಿ ಲಕ್ವ ಹೊಡೆದ ದಿನದಿಂದ ಇವನ ಬಾಯಲ್ಲಿ ಉಳಿದಿರುವುದು ಅದೊಂದೇ ಮಾತು, ಹಸಿವಾದರೆ ಭೇಷ್, ಉಚ್ಚೆ ಬಂದರೆ ಭೇಷ್, ಹೆಂಡತಿಗಾಗಲಿ ಮಗಳಿಗಾಗಲಿ ಎಂದೂ ಹೇಳದಿದ್ದ ಮಾತು, ಇಡೀ ಡಿಕ್ಷನರಿ ಸುಟ್ಟುಹೋಗಿ ಅದೊಂದು ಹಾಳೆ ಉಳಿದಿದೆ, ಡಾಕ್ಟರು ಇದು ಎಷ್ಟೋ ಜನಕ್ಕೆ ಆಗುತ್ತೆ ಅಂದರು, ಹೇಜಲ್ ಅವತ್ತು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ನಕ್ಕಳು, ನಕ್ಕು ನಕ್ಕು ಆಮೇಲೆ ಅತ್ತಳು, ಈಗ ಅಳುವುದಿಲ್ಲ, ಈಗ ಅದೊಂದು ಆಟ, ಡಗ್ ಬಂದಾಗಲೆಲ್ಲ ಆಡುವ ಆಟ, ನೋಡ್ತಿರು ಡಗ್, ಅಪ್ಪಾ, ನನ್ನ ಡ್ರೈವಿಂಗ್ ಹೇಗಿದೆ, ಭೇಷ್, ಅಮ್ಮನ ಅಡುಗೆ ಹೇಗಿತ್ತಪ್ಪ, ತಟ್ಟೆ ಎತ್ತಿ ಗೋಡೆಗೆ ಹೊಡೀತಿದ್ಯಲ್ಲ, ಹೇಗಿತ್ತು, ಬಾಯಿ ಮುಚ್ಚಿಕೊಂಡಿರಬೇಕು ಅಂತ ಹಲ್ಲು ಕಚ್ಚಿದರೂ ತುಟಿಯ ಓರೆಯಿಂದ ಜೊಲ್ಲಿನ ಜೊತೆ ಜಾರಿ ಬರುತ್ತದೆ, ಭೇಷ್, ಡಗ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಆಮೇಲೆ ನಗು ನಿಲ್ಲಿಸಿ ಸುಮ್ಮನೆ ಬೇಲಿಯ ಕಡೆ ನೋಡುತ್ತಾನೆ, ಪಾಪ ಸಾಕು ಬಿಡಮ್ಮ, ಅನ್ನುತ್ತಾನೆ, ಪಾಪವಂತೆ, ಈ ಮುಠ್ಠಾಳನ ಪಾಪ ಯಾರಿಗೆ ಬೇಕು, ಹೇಜಲ್ ಚಹಾ ತಂದು ಇವನ ಎಡಗೈಗೆ ಕೊಟ್ಟಳು, ದಪ್ಪ ಪಿಂಗಾಣಿ ಮಗ್ಗು, ಗಲ್ಲ ಒರೆಸಿದಳು, ಚರ್ಮ ಕೀಳುವ ಹಾಗೆ ಒರೆಸುತ್ತಾಳೆ, ಅದೂ ಸರಿಯೇ, ಇವನೂ ಅವಳ ಮುಖವನ್ನು ಒಮ್ಮೆ ಒರೆಸಿದ್ದ — ಹದಿನೈದು ಅವಳಿಗೆ, ಕ್ಲಬ್ಬಿನ ಆರು ಜನ ಇದೇ ಹಿತ್ತಲಲ್ಲಿ ನಿಂತಿದ್ದರು, ಅಪ್ಪಾ, ಗೇಜ್ ಕೆಟ್ಟಿಲ್ಲ, ನಿಜವಾಗ್ಲೂ ಬಿಸಿ ಆಗ್ತಿದೆ, ಅಂದಳು, ಅವರೆದುರಿಗೇ, ಇವನು ಗ್ರೀಸಿನ ಬಟ್ಟೆಯಿಂದ ಅವಳ ಮುಖ ಒರೆಸಿ, ಹೋಗು, ಬಿಸಿನೀರಿನ ವಿಷಯ ನಿನಗೆ ಟೀ ಕಾಯಿಸೋವಷ್ಟು ಗೊತ್ತಿದ್ರೆ ಸಾಕು, ಎಲ್ಲರೂ ನಕ್ಕರು, ಇವನು ಕಾರು ತೆಗೆದುಕೊಂಡು ಹೋದ, ಹನ್ನೆರಡು ಮೈಲಿಗೆ ಎಂಜಿನ್ನಿನ ತಲೆ ಸೊಟ್ಟಗಾಗಿ ನಿಂತಿತು, ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದು ಹೇಳಿದ್ದೇನು, ಇವಳೇ ಮುಚ್ಚಳ ಸಡಿಲ ಬಿಟ್ಟಿದ್ಲು ಅಂತ, ಅವಳು ಇವನನ್ನೊಮ್ಮೆ ನೋಡಿ ಒಳಗೆ ಹೋದಳು, ಅಷ್ಟೇ, ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಬಾಯಲ್ಲೂ ಗೇಜ್ ನಂಬಬಾರದು ಅನ್ನುವ ಮಾತು ಬಂದಿತ್ತು, ಕಲಿಸಿದ್ದು ಇವನೇ.

ಈಗ ಒಳಗಿನಿಂದ ಬರುತ್ತಿದ್ದಾಳೆ, ಕೈಯಲ್ಲೇನು, ಉದ್ದನೆಯ ಗಾಜಿನ ಕಡ್ಡಿ, ಮೇವಿಸ್ ಜಾಮ್ ಹದ ನೋಡುತ್ತಿದ್ದ ಥರ್ಮಾಮೀಟರು, ಇದನ್ನೇ ನೀರಿಗೆ ಅದ್ದಿ ನೋಡಿಬಿಡೋಣ ಡಗ್, ಯಾರು ಸುಳ್ಳು ಹೇಳ್ತಿರೋದು ಅಂತ ತೀರ್ಮಾನ ಆಗಲಿ, ಸರಿ, ಯೋಚನೆ ಸರಿಯಾಗೇ ಇದೆ, ಆದರೆ ಅದ್ದಬೇಕಾದರೆ ಮುಚ್ಚಳ ತೆಗೆಯಬೇಕು, ಇದು ತಗ್ಗು ಬಾನೆಟ್ಟಿನ ಕಾರು, ಮುಚ್ಚಳ ಇರುವುದು ತಣ್ಣನೆಯ ರೇಡಿಯೇಟರಿನ ಮೇಲಲ್ಲ, ಎಂಜಿನ್ ಪಕ್ಕದ ಆ ಹಿತ್ತಾಳೆ ತೊಟ್ಟಿಯ ಮೇಲೆ, ಅದರೊಳಗಿನ ನೀರು ಕುದಿಯುವ ಮಟ್ಟ ದಾಟಿದೆ, ಮುಚ್ಚಳ ಅದುಮಿ ಹಿಡಿದಿದೆ ಅಂತ ಸುಮ್ಮನಿದೆ, ಕಾಲು ತಿರುವು ಸಾಕು, ಹಬೆಯೂ ನೀರೂ ಒಟ್ಟಿಗೆ ಮುಖಕ್ಕೆ, ಎದೆಗೆ, ಕಣ್ಣಿಗೆ, ಬೇಡ ಹೇಜಲ್ — ಭೇಷ್, ಬೇಡ — ಭೇಷ್ ಭೇಷ್, ಆಯ್ತಪ್ಪ ಆಯ್ತು, ಗೊತ್ತಾಯ್ತು, ಅಂದಳು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟಳು, ಮುಖ ಸರಿಯಾಗಿ ಅದರ ಮೇಲೇ ಬಾಗಿದೆ, ಆ ಒಂದು ಕ್ಷಣ ಸಿರಿಲ್‌ನೊಳಗೆ ಏನೋ ನೆಟ್ಟಗೆ ಕೂತಿತು, ತೆಗೀಲಿ, ತೆಗೀಲಿ ಬಿಡು, ಆಟ ಆಡಿಸ್ತಾಳಲ್ಲ, ಇನ್ನು ಜೀವಮಾನವಿಡೀ ಕನ್ನಡಿ ನೋಡಿಕೊಳ್ಳದ ಹಾಗಾಗಲಿ, ಆಗ ಗೊತ್ತಾಗುತ್ತೆ ಸಿರಿಲ್ ಅಂದ್ರೆ ಯಾರು ಅಂತ, ಅದು ತನ್ನ ಧ್ವನಿಯೇ, ಹಳೆಯ ಧ್ವನಿ, ಒಂದಕ್ಷರ ತಪ್ಪದೆ, ಲಕ್ವ ಅದನ್ನು ಮಾತ್ರ ಮುಟ್ಟಿಲ್ಲ, ಅವಳ ಮಣಿಕಟ್ಟು ತಿರುಗತೊಡಗಿತು, ಎಡಗೈ ಎದ್ದಿತು, ಯಾರು ಎತ್ತಿದರೋ, ಮಗ್ಗು ಹಾರಿತು.

ಹುಬ್ಬಿನ ಮೇಲೆ, ಎಲುಬಿಗೆ ಪಿಂಗಾಣಿ ಬಡಿದ ಸದ್ದು, ಬಟ್ಟೆ ಬಿತ್ತು, ಥರ್ಮಾಮೀಟರು ಕಲ್ಲಿನ ಮೇಲೆ ಬಿದ್ದು ಚೂರಾಯಿತು, ಹೇಜಲ್ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣಿಗೆ ಕೈಯೊತ್ತಿ ನಿಂತಳು, ಬೆರಳ ಸಂದಿಯಿಂದ ರಕ್ತ, ಡಗ್ ಕೂಗಿದ, ಏ ಮುದಿ ರಾಕ್ಷಸ, ಇನ್ನೂ ನಿಂತಿಲ್ವೇನೋ ನಿಂದು, ಇವನು ಅವಳನ್ನೇ ನೋಡಿದ, ಮುಚ್ಚಳ ಅಲುಗಿಲ್ಲ, ಮುಖ ಇದ್ದ ಹಾಗೇ ಇದೆ, ಹುಬ್ಬೊಂದು ಒಡೆದಿದೆ, ಹೊಲಿಗೆ ಹಾಕಿದರೆ ಕೂಡುತ್ತದೆ, ಹೇಳಬೇಕು, ಒಂದೇ ಒಂದು ಸಲ, ಒಳಗಿರುವುದನ್ನೆಲ್ಲ ಒಟ್ಟುಮಾಡಿ ತುಟಿಗೆ ತಂದ, ಭೇಷ್, ಅಂದ.

ಅವಳು ಕಣ್ಣಿಂದ ಕೈ ತೆಗೆದಳು. ಹದಿನೈದರಲ್ಲಿ ನೋಡಿದ ಹಾಗೆ ನೋಡಿದಳು, ಆರು ವಾರ ರಜೆ ಹಾಕಿ ಬಂದು ಇವನ ಅಂಡು ತೊಳೆದವಳು, ವೃದ್ಧರ ಹೋಮಿಗೆ ಹಾಕು ಅಂತ ಎಲ್ಲರೂ ಅಂದರೂ ನೋಡೋಣ ನೋಡೋಣ ಅನ್ನುತ್ತಿದ್ದವಳು, ಸೋಮವಾರ ಕರ್ಕೊಂಡ್ಬರ್ತೀನಿ ಅಂತ ಆ ಹೋಮಿನವರಿಗೆ ಹೇಳ್ಬಿಡ್ತೀನಿ ಡಗ್, ಅಂದಳು, ಮೆಲ್ಲಗೆ, ಡಗ್ ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ, ಬಾಗಿಲು ಮುಚ್ಚಿತು, ಮಧ್ಯಾಹ್ನದ ಹೊತ್ತಿಗೆ ಎಂಜಿನ್ ತಣ್ಣಗಾಗುತ್ತದೆ, ಆಮೇಲೆ ಯಾರು ಮುಚ್ಚಳ ತೆಗೆದರೂ ಏನೂ ಆಗುವುದಿಲ್ಲ, ಏನೂ ಆಗಲಿಲ್ಲ ಅಂತಲೇ ಯಾರಿಗೂ ಏನೂ ತಿಳಿಯುವುದಿಲ್ಲ, ಇನ್ನೆರಡು ನಿಮಿಷದಲ್ಲಿ ಯಾರಾದರೂ ಹೊರಗೆ ಬಂದರೆ, ಬಂದು ನೋಡಿದರೆ ತಿಳಿದೀತು, ಹಿತ್ತಾಳೆ ತೊಟ್ಟಿಯ ಮೇಲೆ ಚೆಲ್ಲಿದ ಚಹಾ, ಹನಿಗಳು, ಕುದಿಯುತ್ತಿವೆ, ಕುಣಿಯುತ್ತಿವೆ, ಚುಯ್, ಒಂದು ಆರಿತು, ಹನಿ, ಚುಯ್, ಇನ್ನೊಂದು, ಅಂಚಿನಲ್ಲಿ ಒಂದು ಉಳಿದಿದೆ, ಬಾಗಿಲು ತೆರೆಯಲಿಲ್ಲ, ಹನಿ, ಅದು ನಡುಗುತ್ತಿದೆ, ಹನಿ —