ಮಡಚಬಾರದ ಕಂಬಳಿ

ಯಡ್ರಾವದ ಮಗ್ಗದ ಕಾರ್ಖಾನೆಯಲ್ಲಿ ಯಮುನವ್ವನದು ಫೋಲ್ಡಿಂಗ್ ಕೆಲಸ. ದಿನವಿಡೀ ಬಟ್ಟೆ ಮಡಚುವ ಹೆಂಗಸು ಮನೆಯಲ್ಲಿ ಒಂದು ಕಂಬಳಿಯನ್ನು ಮಾತ್ರ ಮಡಚುತ್ತಿರಲಿಲ್ಲ. ಅದು ಕುರಿಗಳ ಹಿಂದೆ ಊರೂರು ಹೋದ ಗಂಡ ಕೇದಾರಿಯದು. ಹೋದವನು ಬರುವ ತನಕ ಅವನ ಕಂಬಳಿ ಹಗ್ಗದ ಮೇಲೆ ಬಿಚ್ಚಿಕೊಂಡೇ ಇರಬೇಕು. ಮಡಚಿದರೆ ಇನ್ನು ಬರಬೇಡ ಎಂದಂತೆ. ಅವರ ಮನೆತನದ ರೀತಿಯೇ ಹಾಗೆ.

ಕಾಲೇಜಿನಲ್ಲಿ ಇಂಗ್ಲಿಷ್ ಓದುವ ಮಗಳು ರುತುಜಾ ಒಂದು ದಿನ ಮನೆಯ ಧೂಳು ಕೊಡವುತ್ತ ಮಾತು ತೆಗೆದಳು.

"ಯವ್ವಾ, ನಿನ್ನ ಫೋಲ್ಡಿಂಗದ ಫೋಲ್ಡ್ ಐತಲ್ಲ, ಅದಕ್ಕ ಕುರಿಹಟ್ಟಿ ಅಂತನೂ ಅರ್ಥ ಐತಿ."

"ಮಡಚೋದಕ್ಕೂ ಹಟ್ಟಿಗೂ ಏನ ಸಂಬಂಧವ್ವಾ?"

"ಏನೂ ಇಲ್ಲ. ಹಿಂದಕ ಎರಡೂ ಬ್ಯಾರೆ ಬ್ಯಾರೆ ಶಬ್ದ. ಬರ್ತಾ ಬರ್ತಾ ಒಂದ ಆದುವು. ಇಮ್ಮಡಿ, ಮುಮ್ಮಡಿ ಅಂತೀವಲ್ಲ, ಅದಕ್ಕೂ ಫೋಲ್ಡ್ ಅಂತಾರ. ಅದು ಮಾತ್ರ ಮಡಚೋದರ ಬಳಗ."

ಯಮುನವ್ವ ನಕ್ಕಳು. "ಎಲ್ಲಿಯವೋ ಏನೋ, ಕೂಡಿ ಸಂಸಾರ ಮಾಡಾಕತ್ತಾವ. ನಾವು ತಾಳಿ ಕಟಗೊಂಡವರು ಎರಡ ದಿಕ್ಕಿಗೆ ಅದೀವಿ."

ನಗು ಅಲ್ಲೇ ನಿಂತಿತು. ಮಾತಿನ ಭರದಲ್ಲಿ ರುತುಜಾ ಆ ಕಂಬಳಿಯನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿಬಿಟ್ಟಿದ್ದಳು. ಯಾರ ಮಗಳು!

"ಏನ ಮಾಡಿದಿ ನನ್ನವ್ವಾ!"

"ಬಿಚ್ಚಿದ್ರಾತು ಬಿಡ."

ಬಿಚ್ಚಿದರಾಗುವುದಿಲ್ಲ. ಮಡಚಿದ್ದನ್ನು ಹೋದವನೇ ಬಿಚ್ಚಬೇಕು. ಮರುದಿನ ರಜೆ. ಕುರಿಗಳು ಉತ್ತೂರಿನ ಹೊಲವೊಂದರಲ್ಲಿ ಗೊಬ್ಬರಕ್ಕೆ ಕೂತಿವೆ ಎಂದು ಕೇದಾರಿ ಫೋನಿನಲ್ಲಿ ಹೇಳಿದ್ದ. ಯಮುನವ್ವ ರೊಟ್ಟಿ ಕಟ್ಟಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದಳು. ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸುವಾಗಲೂ ಕಂಬಳಿಯನ್ನು ಎದೆಗೆ ಅವಚಿಕೊಂಡೇ ಇದ್ದಳು.

ಹೊಲದಲ್ಲಿ ಅವಳ ಕಂಕುಳಲ್ಲಿ ಮಡಚಿದ ಕಂಬಳಿ ಕಂಡದ್ದೇ ತಡ, ಕೇದಾರಿಯ ಮುಖ ಸಣ್ಣದಾಯಿತು.

"ನನ್ನ ಹಾದಿ ನೋಡೋದು ಸಾಕಾತೇನ?"

"ಸಾಕಾಗಿದ್ರ ಇಷ್ಟ ದೂರ ಬರತಿದ್ನೇನ್ರಿ? ಹುಡುಗಿ ತಿಳೀದ ಮಡಚೇತಿ. ನೀವ ಬಿಚ್ಚರಿ."

ಅವನು ಕಂಬಳಿಯನ್ನು ಬಿಚ್ಚಿ ಹಟ್ಟಿಯ ಪಕ್ಕದಲ್ಲೇ ಹಾಸಿದ. ಇಬ್ಬರೂ ಅದರ ಮೇಲೆ ಕೂತು ರೊಟ್ಟಿ ತಿಂದರು. ಅವನ ಮೈಯ ಕುರಿವಾಸನೆ ಅವಳಿಗೆ ಹಿತವಾಗಿತ್ತು. ಇಲ್ಲೇ ಉಳಿದುಬಿಡಲೇ ಅನ್ನಿಸಿ ಅಳು ಬಂತು. ಬೆಳಗಾದರೆ ಪಾಳಿ ಇತ್ತು.

ಹೊರಡುವಾಗ ಅವನೇ ಕಂಬಳಿಯನ್ನು ಅವಳಿಗೆ ಹೊದಿಸಿ ಕಳಿಸಿದ.

ಬಸ್ಸು ಕಿಕ್ಕಿರಿದಿತ್ತು. "ಮಾವಶಿ, ಘಡಿ ಘಾಲಾ ಕೀ ತ್ಯಾಚೀ," ಎಂದು ಕಂಡಕ್ಟರ್ ಕಂಬಳಿ ಮಡಚುವಂತೆ ಮರಾಠಿಯಲ್ಲಿ ರೇಗಿದ. ಸೆಕೆಗೆ ಬೆವರುತ್ತಿದ್ದರೂ ಯಮುನವ್ವ ಅದನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

"ಮಡಚಾಕ ಬರೂದಿಲ್ರಿ. ಅವರಿನ್ನೂ ಮನಿಗೆ ಬಂದಿಲ್ಲ."