ಹಿಂದಕ್ಕೆ ಸರಿಯುವ ಸಾಲು

ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗಲು ಬೆಂದು ಇನ್ನೊಂದಕ್ಕೆ ತಿರುವಬೇಕು ಎನ್ನುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಸಂಗಯ್ಯನ ದನಿ ಕೇಳಿಸಿತು. ಊರ ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ದಿನ ನೀರು ಎಂದು ಮನೆಮನೆಗೆ ಹೇಳುವುದು ಸಂಗಯ್ಯನ ಕೆಲಸ.

“ದಾಕ್ಷಾಣಿ, ರೊಟ್ಟಿ ಸಾಕ್ಮಾಡವ್ವ. ಗುರುಶಾಂತವ್ವಾರ ಗದ್ದಿ ಪಾಳಿ ನಾಳಿಗಲ್ಲ, ಇವತ್ತ. ನೀರು ಬಿಟ್ಟ ಬಂದೀನಿ.”

“ನಿನ್ನಿ ಕೇಳಿದ್ರ ನಾಳಿಗೆ ಅಂದ್ರಲ್ಲ, ಅಯ್ಯಾರ?”

“ನಿನ್ನಿ ಮೋಡ ಇತ್ತು, ಅಂದೆ. ಇವತ್ತು ಮೋಡ ಎಲ್ಲೈತಿ ತೋರ್ಸು. ಸಂಜೀಕ ತೂಬು ಮುಚ್ಚಿ ಕೆಳಗಿನೂರಿಗೆ ಬಿಡಬೇಕು. ಅಷ್ಟ್ರಾಗ ನಾಟಿ ಮುಗಸ್ರಿ, ಇಲ್ಲಾಂದ್ರ ಕೆಸರು ಬಿಗೀತೈತಿ, ಸಸಿ ಊರೂದಿಲ್ಲ.”

ದಾಕ್ಷಾಯಿಣಿ ಒಲೆ ಆರಿಸಿದಳು. ತಟ್ಟಿದ ರೊಟ್ಟಿ ಸಾಲದು ಎಂದು ಗೊತ್ತಿದ್ದೂ ಹಿಟ್ಟಿನ ಬೋಗುಣಿಯ ಮೇಲೆ ತಾಟು ಮುಚ್ಚಿದಳು. ಮಗಳು ಶಾಂಭವಿ ಕೊಡ ಹೊತ್ತು ಒಳಗೆ ಬಂದಳು. ಎರಡನೇ ಇಯತ್ತೆಯ ಹುಡುಗಿ, ರವಿವಾರ ಶಾಲೆಯಿಲ್ಲ. ಕೊಡ ಇಳಿಸಿದವಳು ಹೊಸ್ತಿಲಲ್ಲೇ ನಿಂತಳು.

“ಅವ್ವಾ, ಒಂದು ಕೇಳ್ಲೇನು? ಬೋರಿಂಗ್ ಹತ್ರ ಜ್ಯೋತಿ ಚಿಗವ್ವ...”

“ಈಗಲ್ಲ ಪುಟ್ಟಿ. ದಾರ್ಯಾಗ ಕೇಳು. ಚಪ್ಪಲಿ ಹಾಕ್ಕೊ.”

ದಾರಿಯಲ್ಲಿ ದಾಕ್ಷಾಯಿಣಿಯ ಕಿವಿಗೆ ಫೋನು ಅಂಟಿಕೊಂಡಿತ್ತು. ನಾಟಿಗೆ ಬರುವ ಒಬ್ಬೊಬ್ಬರನ್ನೂ ಕರೆದು ಪಾಳಿ ಬದಲಾದದ್ದು ಹೇಳಬೇಕಿತ್ತು. ಒಬ್ಬಳು ಶಿರಸಿಗೆ ಹೊರಟು ಬಸ್ಸಿನಲ್ಲಿ ಕೂತಾಗಿತ್ತು. ಇನ್ನೊಬ್ಬಳ ಅತ್ತೆಗೆ ಜ್ವರ. ಶಾಂಭವಿ ಸೆರಗು ಹಿಡಿದು ನಡೆದಳು. ಕೇಳಲು ಸಂದು ಸಿಗಲಿಲ್ಲ.

ಬನವಾಸಿ ಕಡೆಯ ಆ ಊರಲ್ಲಿ ನಾಟಿ ಇನ್ನೂ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಈ ಮನೆಯ ಗದ್ದೆಗೆ ಆ ಮನೆಯವರು, ಆ ಮನೆಯದಕ್ಕೆ ಈ ಮನೆಯವರು. ಕೂಲಿಯಿಲ್ಲ, ಬಂದ ಕೈಗೆ ಕೈ ತೀರಿಸುವುದು. ಹೆಂಗಸರ ಆ ಸಾಲನ್ನು ಬಹಳ ವರ್ಷ ನಡೆಸಿದವಳು ಗುರುಶಾಂತವ್ವ. ಮುಂದಾಳಾದವಳು ಬದುವಿನ ಪಕ್ಕದ ಮೊದಲ ಸಾಲು ಹಿಡಿಯಬೇಕು. ಅವಳು ಬಗ್ಗಿದಾಗ ಎಲ್ಲರೂ ಬಗ್ಗಬೇಕು, ಅವಳು ಸೊಂಟ ಎತ್ತುವ ತನಕ ಬೇರೆ ಯಾರೂ ಎತ್ತುವಂತಿಲ್ಲ. ಅದು ಯಾರೂ ಬಾಯಿಬಿಟ್ಟು ಹೇಳಿಕೊಡದ, ಆದರೆ ಯಾರೂ ಮೀರದ ಕಟ್ಟಳೆ. ಈ ವರ್ಷ ಮೊಣಕಾಲು ಮಡಚಲಾಗದೆ ಗುರುಶಾಂತವ್ವ ಮೊದಲ ಸಾಲನ್ನು ದಾಕ್ಷಾಯಿಣಿಗೆ ಬಿಟ್ಟುಕೊಟ್ಟಿದ್ದಳು. ಬಿಟ್ಟುಕೊಟ್ಟ ಮಾತ್ರಕ್ಕೆ ಅದರ ಮೇಲಿಂದ ಕಣ್ಣು ತೆಗೆದಿರಲಿಲ್ಲ.

ಗದ್ದೆಗೆ ಬಂದಾಗ ಮುದುಕಿ ಬದುವಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂತಿದ್ದಳು.

“ಹೊತ್ತೇರಿ ಬಂದ್ರಿ.”

“ಅಯ್ಯಾರು ಈಗ ಹೇಳಿದ್ರು, ದೊಡ್ಡವ್ವ.”

“ನನ್ನ ಕಾಲ್ದಾಗೂ ಅಯ್ಯಾರು ಹಿಂಗ ಹೇಳತಿದ್ರು. ಆದ್ರ ಯಾವ ಗದ್ದಿನೂ ಮರುದಿನಕ್ಕ ಉಳಿದಿಲ್ಲ. ಇವತ್ತು ನಿನ್ನ ಕೈಯಾಗ ನನ್ನ ಗದ್ದಿನ ಉಳೀತಂದ್ರ, ಕೇಳಿಸ್ಕೊ, ಮುಂದಿನ ವರ್ಷ ನಾ ನಾಟಿ ಯಂತ್ರ ಕರಸ್ತೀನಿ.”

ಸುಮ್ಮನೆ ಹೆದರಿಸುವ ಮಾತಲ್ಲ ಅದು. ಗುರುಶಾಂತವ್ವ ಯಂತ್ರ ಕರೆಸಿದರೆ ದೊಡ್ಡ ಗದ್ದೆಯವರೆಲ್ಲ ಅದನ್ನೇ ಹಿಡಿಯುತ್ತಾರೆ. ಮುಯ್ಯಿ ಮುರಿಯುತ್ತದೆ. ಹಳ್ಳದ ಅಂಚಿನ, ಹಾವಿನಂತೆ ಸುತ್ತಿಕೊಂಡ ದಾಕ್ಷಾಯಿಣಿಯ ತುಂಡು ಗದ್ದೆಗೆ ಯಂತ್ರ ಇಳಿಯುವುದಿಲ್ಲ, ಕೈಯೇ ಬೇಕು. ಗಂಡ ಟೆಂಪೊ ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಾನೆ. ಮುಯ್ಯಿ ಮುರಿದರೆ ಆ ಗದ್ದೆ ಬೀಳು ಬಿದ್ದಂತೆಯೇ. ದಾಕ್ಷಾಯಿಣಿ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಶಾಂಭವಿಗೆ ಸಸಿಯ ಕಟ್ಟುಗಳನ್ನು ಬದುವಿನಿಂದ ಎಸೆಯುವ ಕೆಲಸ.

ನಾಟಿಯವರು ಹಿಂದಕ್ಕೆ ಸರಿಯುತ್ತಾರೆ. ಊರಿದ ಸಸಿ ಕಣ್ಣ ಮುಂದೆ ಉಳಿಯುತ್ತದೆ, ಖಾಲಿ ಕೆಸರು ಬೆನ್ನ ಹಿಂದೆ. ಹಾಗಾಗಿ ಈ ಕೆಲಸದಲ್ಲಿ ನಿಧಾನವಾದವಳು ಎಲ್ಲರಿಗಿಂತ ಮುಂದೆ ಉಳಿದುಬಿಡುತ್ತಾಳೆ. ಎರಡೂ ಪಕ್ಕದ ಹಸಿರಿನ ನಡುವೆ ಓಣಿಯಲ್ಲಿ ಸಿಕ್ಕಿಕೊಂಡವಳಂತೆ ಎಲ್ಲರ ಕಣ್ಣಿಗೂ ಬೀಳುತ್ತಾಳೆ. ಆ ದಿನ ಹಾಗೆ ಉಳಿದವಳು ಜ್ಯೋತಿ, ಗುರುಶಾಂತವ್ವನ ಸೊಸೆ.

‘ಬೇಕಂತಲೇ ಮಾಡ್ತಾಳ’ ಎನಿಸಿತು ದಾಕ್ಷಾಯಿಣಿಗೆ. ಅತ್ತೆಯ ಜಾಗಕ್ಕೆ ಹೊರಗಿನವಳು ಬಂದಳೆಂಬ ಸಿಟ್ಟಿರಬೇಕು. ದಾಕ್ಷಾಯಿಣಿ ಕೈ ಇನ್ನಷ್ಟು ಬೀಸಿದಳು. ಉಳಿದವರೂ ಬೀಸಿದರು. ಜ್ಯೋತಿಯ ಓಣಿ ಇನ್ನಷ್ಟು ಉದ್ದವಾಯಿತು.

ಚಹಾದ ಹೊತ್ತಿಗೆ ಎಲ್ಲರೂ ಬದುವಿಗೆ ಬಂದು ಕಾಲು ಇಳಿಬಿಟ್ಟು ಕೂತರು. ಗುರುಶಾಂತವ್ವ ಕ್ಯಾನಿನಿಂದ ಚಹಾ ಸುರಿದು ಕೊಟ್ಟಳು. ಮುಂಡಗೋಡ ಕಡೆಯಿಂದ ಸೊಸೆಯಾಗಿ ಬಂದ ಗೀತಾ ಮಾತೆತ್ತಿದಳೆಂದರೆ ನಗು ಖಚಿತ.

“ನಮ್ಮ ದಾಕ್ಷಾಣಿ ಈಗ ಹಿಂಡಿನ ದೊಡ್ಡಾನಿ ಆಗ್ಯಾಳ. ಕಿವಿ ಅಷ್ಟ ಸಣ್ಣವು.”

“ಕಿವಿ ಸಣ್ಣವಾದ್ರೇನು, ಕಾಲು ದೊಡ್ಡವು ಅದಾವ. ಲಗೂ ಕುಡೀರಿ,” ಎಂದಳು ದಾಕ್ಷಾಯಿಣಿ.

“ಆನಿ ಅಂದ್ರ ಹಂಗ ಇರಬೇಕು,” ಎಂದಳು ಗುರುಶಾಂತವ್ವ. “ದೊಡ್ಡದು ಮುಂದ ನಡೀಬೇಕು, ಉಳದವು ಬಾಲ ಹಿಡ್ಕೊಂಡು ಬರಬೇಕು. ಹೊಳ್ಳಿ ನೋಡೂ ಮುಂದಾಳು ಮುಂದಾಳಲ್ಲ.”

“ನೀವು ಆನಿ ನೋಡೀರೇನು, ದೊಡ್ಡವ್ವ?”

“ಮಠದ್ದು ನೋಡೀನಿ.”

“ಮಠದ್ದಕ್ಕ ಮಾವುತ ಇರತಾನ. ನಾ ಅಡವಿದು ನೋಡೀನಿ, ನಮ್ಮ ತವರಾಗ, ಹೊಲ ಕಾಯೂ ಮಾಳದ ಮ್ಯಾಲ ಕುಂತು. ಯಲ್ಲಾಪುರದ ಕಡಿಯಿಂದ ಇಳದು ಬಂದಿದ್ವು, ಬೆಳ್ಳಬೆಳಗಾಗ. ದೊಡ್ಡಾನಿ ಆಗಲೇ ಕಾಲುವಿ ದಾಟಿ ಭತ್ತದಾಗ ಹೊಕ್ಕಿತ್ತು. ಮರಿ ಮಾತ್ರ ಈಚಿ ದಂಡ್ಯಾಗ ನಿಂತು ಕುಂಯ್ ಅನ್ನಾಕತ್ತಿತ್ತು. ದೊಡ್ಡಾನಿ ಬಾಯಾಗಿನ ತೆನಿ ಬಾಯಾಗ ಇಟ್ಕೊಂಡು ಹೊಳ್ಳಿ ಬಂತು. ಬಂದು, ಕಾಲುವಿ ದಂಡಿ ತುಳದು ತುಳದು ಇಳಕಲು ಮಾಡಿ ಕೊಡ್ತು. ಮರಿ ದಾಟೂ ಮಟ ಉಳಿದ ಒಂದಾನೀನೂ ಮುಂದ ಕಾಲಿಡಲಿಲ್ಲ. ಪಟಾಕಿ ಹೊಡೀಬೇಕಂತ ಕುಂತ ನಾವು, ಕಡ್ಡಿಪೆಟ್ಟಿಗಿ ಕೈಯಾಗ ಹಿಡಕೊಂಡು ನೋಡಕೋಂತ ಕುಂತ್ವಿ.”

“ಅಷ್ಟ್ರಾಗ ನಿಮ್ಮಪ್ಪನ ಭತ್ತ ಹೋತು.”

“ಹೋತು, ದೊಡ್ಡವ್ವ. ಆದ್ರ ಹಿಂಡು ಒಂದ ಆಗಿ ತಿಂದ್ಹೋದ್ವು.”

ಎಲ್ಲರೂ ನಕ್ಕರು. ಜ್ಯೋತಿ ನಗಲಿಲ್ಲ. ಅವಳು ಲೋಟವನ್ನು ಮೂಗಿನ ಹತ್ತಿರ ತಂದು, ಮುಖ ತಿರುವಿ, ಚಹಾವನ್ನು ಸದ್ದಾಗದಂತೆ ಕೆಸರಿಗೆ ಸುರಿದದ್ದು ದಾಕ್ಷಾಯಿಣಿಗೆ ಕಾಣಿಸಿತು. ಸುರಿದ ಕೈಯೇ ಹೊಟ್ಟೆಯ ಕೆಳಗೆ ಹೋಗಿ ಒಂದು ಗಳಿಗೆ ಒತ್ತಿ ನಿಂತದ್ದೂ ಕಾಣಿಸಿತು.

ಎರಡು ಮಕ್ಕಳನ್ನು ಹೊತ್ತ ದಾಕ್ಷಾಯಿಣಿಗೆ ತಿಳಿಯಲು ಅಷ್ಟು ಸಾಕು. ಒಂದನ್ನು ಹೆತ್ತು, ಒಂದನ್ನು ಕಳೆದುಕೊಂಡವಳಿಗೆ ಬೇಕಾದ್ದಕ್ಕಿಂತ ಹೆಚ್ಚು. ಜ್ಯೋತಿಗೂ ಹೋದ ಮಳೆಗಾಲದಲ್ಲಿ ಒಂದು ಬಸಿರು ನಿಲ್ಲದೆ ಹೋಗಿತ್ತು. ಅದಾದ ಮೇಲೆ ಆ ಮನೆಯಲ್ಲಿ ಐದು ತಿಂಗಳು ತುಂಬುವ ತನಕ ಇಂಥ ಮಾತನ್ನು ಯಾರೂ ಎತ್ತಬಾರದು, ಹೊರಗಿನವರು ಕೇಳಲೂಬಾರದು. ಕೇಳಿದರೆ ದೃಷ್ಟಿ ತಾಗುತ್ತದೆ. ಹಾಗಾಗಿ ಅವಳು ಹೇಳುವಂತಿಲ್ಲ, ಇವಳು ಕೇಳುವಂತಿಲ್ಲ.

ಅದೊಂದೇ ಕಾರಣವೂ ಅಲ್ಲ ಎಂಬುದು ದಾಕ್ಷಾಯಿಣಿಗೆ ತಿಳಿದೇ ಇತ್ತು. ಕೇಳಿದರೆ ಜ್ಯೋತಿಯನ್ನು ದಡಕ್ಕೆ ಕಳಿಸಬೇಕು. ಕಳಿಸಿದರೆ ಒಂದು ಸಾಲು ಕಡಿಮೆ. ಮೊದಲೇ ಇಬ್ಬರು ಬಂದಿಲ್ಲ. ಸೂರ್ಯ ಆಗಲೇ ನೆತ್ತಿ ದಾಟಿದ್ದ.

ಅವಳು ಲೋಟ ತೊಳೆದಿಟ್ಟು ಕೆಸರಿಗಿಳಿದಳು.

“ಅವ್ವಾ,” ಎಂದಳು ಶಾಂಭವಿ, ಕಟ್ಟು ಕೊಡುವ ನೆವದಲ್ಲಿ ಹತ್ತಿರ ಬಂದು. “ಈಗರೆ ಕೇಳ್ಲೇನು?”

“ಕೆಲ್ಸದ ಹೊತ್ತಿನ್ಯಾಗ ಬ್ಯಾಡ ಅಂದೆನಿಲ್ಲ?”

ಹುಡುಗಿ ತುಟಿ ಒಳಗೆಳೆದುಕೊಂಡು ಹಿಂದೆ ಸರಿದಳು. ಅವಳ ಕಣ್ಣು ಜ್ಯೋತಿಯ ಮೇಲೆ ನಿಂತಿರುವುದನ್ನು ಕಂಡೂ ದಾಕ್ಷಾಯಿಣಿ ಬಗ್ಗಿದಳು.

ಚಹಾದ ನಂತರ ಸಾಲು ಓಡಿತು. ಬೆರಳು ಕೆಸರಿಗೆ ಹೋಗಿ ಬರುವ ಚುಳುಚುಳು ಸದ್ದು ಮಾತ್ರ. ಕಾಲುವೆಯಲ್ಲಿ ನೀರು ಸಣ್ಣಗಾಗುತ್ತಿತ್ತು. ದಾಕ್ಷಾಯಿಣಿಯ ತಲೆಯಲ್ಲಿ ಮಾತ್ರ ಗೀತಾಳ ಆನೆ ಕಾಲುವೆಯ ದಂಡೆ ತುಳಿಯುತ್ತಲೇ ಇತ್ತು. ಅಷ್ಟು ದೊಡ್ಡ ಪ್ರಾಣಿಗೆ ಯಾರ ಹೆದರಿಕೆ? ಒಂದು ಕುಂಯ್‌ಗುಟ್ಟುವಿಕೆಗೆ ಬಾಯಿಯ ತುತ್ತನ್ನು ಹಾಗೇ ಇಟ್ಟುಕೊಂಡು ಬಂತಂತೆ. ಮುಂದಾಳಿನ ಬಲವನ್ನು ಕಾಲಿನಲ್ಲಿ ಹುಡುಕುತ್ತ ಬಂದವಳಿಗೆ, ಅದು ಕಿವಿಯಲ್ಲಿರಬಹುದು ಎಂಬ ಯೋಚನೆ ಹಿಡಿಸಲೂ ಇಲ್ಲ, ಬಿಡಲೂ ಇಲ್ಲ. ತನಗೇ ಗೊತ್ತಿಲ್ಲದೆ ಅವಳ ಕೈ ತುಸು ನಿಧಾನವಾಯಿತು. ಪಕ್ಕದವಳದೂ ಆಯಿತು. ಆ ನಿಧಾನ ಸಾಲಿನುದ್ದಕ್ಕೂ ಹರಿಯಿತು.

“ಯಾಕ, ನಿದ್ದಿ ಬಂತೇನು ಮುಂದಾಳಿಗೆ?” ಬದುವಿನಿಂದ ಗುರುಶಾಂತವ್ವ. “ಹೊತ್ತು ನೋಡು.”

ಮತ್ತೆ ಕೈ ಬೀಸಿತು. ಸಾಲು ಮತ್ತೆ ಓಡಿತು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ದಾಕ್ಷಾಯಿಣಿ ತಲೆ ಎತ್ತದೆಯೇ ಕೂಗಿದಳು. “ಜ್ಯೋತಿ, ಕೈ ಆಡಸವ್ವ. ಎಲ್ಲಾರೂ ನಿನ್ನ ಸಲುವಾಗಿ ಕಾಯಬೇಕೇನು?”

ಚುಳುಚುಳು ಸದ್ದಿನಲ್ಲಿ ಒಂದು ಕೈಯ ಸದ್ದು ನಿಂತಿತು.

ದಾಕ್ಷಾಯಿಣಿ ಓರೆಗಣ್ಣಲ್ಲಿ ನೋಡಿದಳು. ಹಸಿರಿನ ಓಣಿಯ ತುದಿಯಲ್ಲಿ ಜ್ಯೋತಿ ಬಗ್ಗಿಯೇ ಇದ್ದಳು. ಆದರೆ ಒಂದು ಕೈ ಮೊಣಕಾಲ ಮೇಲೆ ಊರಿತ್ತು, ಇನ್ನೊಂದರ ಸಸಿಗಳು ಒಂದೊಂದಾಗಿ ಜಾರಿ ನೀರಿಗೆ ಬೀಳುತ್ತಿದ್ದವು. ಮುಂದಾಳು ಸೊಂಟ ಎತ್ತಿರಲಿಲ್ಲ. ಅದಕ್ಕೇ ಜ್ಯೋತಿಯೂ ಎತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನೋವು ಕಚ್ಚಿಕೊಂಡು, ಕಟ್ಟಳೆಗೆ ಕಟ್ಟುಬಿದ್ದು ನಿಂತಿದ್ದಳೋ. ಗೀತಾ ನೋಡುತ್ತಿದ್ದಳು. ಆಚೆಯವಳೂ ನೋಡುತ್ತಿದ್ದಳು. ಬದುವಿನ ಮೇಲೆ ಗುರುಶಾಂತವ್ವ ಕೆರೆಯ ಕಡೆಗೆ ಮುಖ ಮಾಡಿದ್ದಳು, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಇನ್ನು ಉಳಿದದ್ದು ಗದ್ದೆಯ ಕಾಲುಭಾಗ. ಹೊತ್ತು ಇನ್ನೂ ಸ್ವಲ್ಪ ಇತ್ತು.

ದಾಕ್ಷಾಯಿಣಿ ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಿಟ್ಟು ಸೊಂಟ ಎತ್ತಿ ನಿಂತಳು.

ಸಾಲಿನುದ್ದಕ್ಕೂ ಸೊಂಟಗಳು ಎದ್ದವು. ಎಲ್ಲರಿಗಿಂತ ಕೊನೆಗೆ ಜ್ಯೋತಿ ಎದ್ದಳು, ಅರ್ಧ ಮಾತ್ರ.

“ಯಾಕ ನಿಂತ್ರಿ?” ಎಂದಳು ಗುರುಶಾಂತವ್ವ, ಮುಖ ತಿರುಗಿಸದೆ. “ಇನ್ನೂ ಅಷ್ಟು ಐತಿ.”

ಯಾರೂ ಬಗ್ಗಲಿಲ್ಲ. ದಾಕ್ಷಾಯಿಣಿ ಜ್ಯೋತಿಯ ಕಡೆಗೆ, ಊರಿದ ಸಾಲುಗಳ ನಡುವೆ, ಹೆಜ್ಜೆ ಕಿತ್ತಿಟ್ಟಳು. ತಾವೇ ಊರಿದ ಸಸಿಗಳು ಕಾಲಡಿಗೆ ಸಿಕ್ಕಿ ಮಲಗಿದವು. ಹತ್ತಿರ ಹೋಗಿ ಜ್ಯೋತಿಯ ರಟ್ಟೆ ಹಿಡಿದಳು. ಕೇಳಬೇಕಾದ್ದು ನಾಲಿಗೆಯ ತುದಿಗೆ ಬಂದು, ಆ ಮನೆಯ ನಿಷೇಧಕ್ಕೆ, ಬದುವಿನ ಮೇಲಿನ ಬೆನ್ನಿಗೆ, ತನ್ನದೇ ಚಹಾದ ಹೊತ್ತಿನ ಲೆಕ್ಕಾಚಾರಕ್ಕೆ ಅಂಜಿ ಅಲ್ಲೇ ಕಚ್ಚಿಕೊಂಡಿತು. ಜ್ಯೋತಿಯ ಮುಖ ಬಿಳಿಚಿಕೊಂಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಬದುವಿನ ಮೇಲೆ ಸಸಿಯ ಕಟ್ಟು ಎದೆಗವಚಿಕೊಂಡು ನಿಂತಿದ್ದ ಶಾಂಭವಿ ಇನ್ನು ಯಾರ ಅಪ್ಪಣೆಗೂ ಕಾಯಲಿಲ್ಲ.

“ಅವ್ವಾ, ಜ್ಯೋತಿ ಚಿಗವ್ವಗ ಏನಾಗೈತಿ ಅಂತ ಯಾರೂ ಯಾಕ ಕೇಳವಲ್ರು?”