ನಲವತ್ತಮೂರನೆಯ ಪ್ರಶ್ನೆ

ಮಂತ್ರಿಗಳು ನಲವತ್ತೊಂದನೆಯ ಪ್ರಶ್ನೆಗೆ ಉತ್ತರ ಓದುತ್ತಿದ್ದರು. ಯಾವುದೋ ತಾಲ್ಲೂಕಿನ ಸೇತುವೆಯ ವಿಷಯ. ಗಂಗಾಧರಯ್ಯನವರ ಕಿವಿಗೆ ಅದು ಬೀಳುತ್ತಿರಲಿಲ್ಲ. ಅವರದು ನಲವತ್ತಮೂರು. ಎದ್ದು ನಿಂತು ಆ ಸಂಖ್ಯೆಯನ್ನು ಹೇಳಿದರೆ ಸಾಕು. ಪ್ರಶ್ನೆ ಮೊದಲೇ ಅಚ್ಚಾಗಿ ಎಲ್ಲರ ಕೈಯಲ್ಲೂ ಇರುತ್ತದೆ. ಶಾಸಕರಾಗಿ ಒಂದು ವರ್ಷವಾಗಿದ್ದರೂ ಸಭೆಯಲ್ಲಿ ಅವರು ಬಾಯಿ ತೆರೆಯುತ್ತಿರುವುದು ಇದೇ ಮೊದಲು. ಬೆಳಗ್ಗೆ ಬಚ್ಚಲಲ್ಲಿ ಮೈಗೆ ನೀರು ಹುಯ್ದುಕೊಳ್ಳುತ್ತ "ನಲವತ್ತಮೂರು" ಎಂದು ಗಟ್ಟಿಯಾಗಿ ಹೇಳಿ ನೋಡಿದ್ದರು. ಹೊರಗಿನಿಂದ ಹೆಂಡತಿ ಅಂಜನಮ್ಮ, "ಏನೂಂದ್ರೆ, ಕರೆದ್ರಾ?" ಎಂದು ಕೇಳಿದ್ದಳು.

ತಲೆಯೆತ್ತಿ ನೋಡಿದರು. ಪ್ರೇಕ್ಷಕರ ಗ್ಯಾಲರಿಯಲ್ಲಿ ನಾರಾಯಣಮ್ಮ ಕೂತಿದ್ದಳು. ಬಗಲಲ್ಲಿದ್ದ ಗಂಟನ್ನು ಪೊಲೀಸಿನವನು ಬಾಗಿಲಲ್ಲೇ ಇಡಿಸಿಕೊಂಡಿದ್ದ. ಅದು ಇಲ್ಲದೆ ಅವಳ ಕೈಗಳಿಗೆ ಕೆಲಸವಿರಲಿಲ್ಲ. ಗಂಗಾಧರಯ್ಯನವರು ನೋಡಿದ್ದನ್ನು ಕಂಡು ಕೈ ಮುಗಿದಳು. ಕಾವಲಿನವನು ಬಗ್ಗಿ ಏನೋ ಗದರಿದ. ಮುಗಿದ ಕೈಯನ್ನು ಹಾಗೆಯೇ ಮಡಿಲಿಗೆ ಇಳಿಸಿಕೊಂಡಳು.

ಬನಶಂಕರಿ ಗುಡಿಯಿಂದ ಆಚೆ, ತಗ್ಗಿನಲ್ಲಿರುವ ಕಲ್ತೂಬನಹಳ್ಳಿಯವಳು ಅವಳು. ಅಲ್ಲಿನ ಶಾಲೆಯಲ್ಲಿ ಗಂಗಾಧರಯ್ಯ ಎಂಟು ವರ್ಷ ಮೇಷ್ಟರಾಗಿದ್ದರು. ಅವಳ ಮಗನಿಗೆ ಅಕ್ಷರ ಕಲಿಸಿದ್ದರು. ಈ ಬೇಸಗೆಯಲ್ಲಿ ಆ ಮಗನ ಎರಡು ವರ್ಷದ ಹೆಣ್ಣುಕೂಸು ವಾಂತಿಭೇದಿಯಲ್ಲಿ ಹೋಯಿತು. ಅದೇ ವಾರ ಇನ್ನೂ ಮೂವರು. ಸುದ್ದಿ ತಿಳಿದು ಹೋದ ಗಂಗಾಧರಯ್ಯನವರನ್ನು ಊರವರು ಮನೆಗೆ ಕರೆಯಲಿಲ್ಲ, ನೇರ ಕೆರೆ ಏರಿಗೆ ಕರೆದುಕೊಂಡು ಹೋದರು. ಹೊಸ ಬಡಾವಣೆಯ ಮೋರಿ ಅಲ್ಲಿಗೆ ಬಂದು ಬಾಯಿ ಬಿಟ್ಟಿತ್ತು. ಕಂದು ಬಣ್ಣದ ನೊರೆ ದಡದುದ್ದಕ್ಕೂ ಕಟ್ಟಿಕೊಂಡು, ಗಾಳಿ ಬಂದಾಗಲೆಲ್ಲ ಮುದ್ದೆಮುದ್ದೆಯಾಗಿ ಅಲುಗುತ್ತಿತ್ತು. ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವರು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡಿದ್ದರು. ಊರವರಲ್ಲಿ ಒಬ್ಬರೂ ಮುಚ್ಚಿಕೊಂಡಿರಲಿಲ್ಲ. ಅದನ್ನು ನೋಡಿ ಕೈ ಇಳಿಸಿದ್ದರು.

ಆ ದಿನವೇ ಮನೆಗೆ ಬಂದು ಪ್ರಶ್ನೆ ಬರೆದರು. ಮೋರಿಯ ನೀರನ್ನು ಕುಡಿಯುವ ನೀರಿನ ಕೆರೆಗೆ ಬಿಟ್ಟಿರುವುದು ನಿಜವೇ? ನಿಜವಾದರೆ, ಯಾರ ಅಪ್ಪಣೆಯಿಂದ?

"ಗಂಗಾಧರಯ್ಯನೋರೆ, ಕಾಫಿಗೆ ಹೋಗೋಣ ಬರ್ರಿ."

ಪಕ್ಕದ ಖಾಲಿ ಜಾಗಕ್ಕೆ ಸೋಮಲಿಂಗಪ್ಪ ಬಂದು ಕೂತಿದ್ದರು. ಪಕ್ಷದ ಹಿರಿಯರು. ಯಾರು ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನೋಡಿಕೊಳ್ಳುವುದು ಅವರ ಕೆಲಸ. ದಾವಣಗೆರೆಯ ಕಡೆಯ ಹತ್ತಿ ವ್ಯಾಪಾರಿ. ಎಂದೂ ದನಿ ಎತ್ತಿದವರಲ್ಲ.

"ನನ್ನ ನಂಬರು ಬಂತಲ್ಲ ಸಾರ್. ಮಧ್ಯೆ ಇನ್ನೊಂದೇ ಇರೋದು."

"ಅದಕ್ಕೇ ಕರೆಯಾಕ ಬಂದೆ."

ಸೋಮಲಿಂಗಪ್ಪ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಸರಿಸಿದರು. ಕಾರ್ಬನ್ ಇಟ್ಟು ಟೈಪು ಮಾಡಿದ ನಕಲು. ಮೂರು ವರ್ಷದ ಹಿಂದಿನ ತಾರೀಖು. ಹೊಸ ಬಡಾವಣೆಯಾದ ಜಯನಗರದ ನಿವಾಸಿಗಳ ಮನವಿ: ನಮ್ಮ ರಸ್ತೆಗಳಲ್ಲಿ ಬಚ್ಚಲ ನೀರು ನಿಂತು ಸೊಳ್ಳೆಯಾಗಿ ಮಕ್ಕಳುಮರಿಗೆ ತೊಂದರೆಯಾಗಿದೆ, ಆದಕಾರಣ ಈ ನೀರನ್ನು ತಡಮಾಡದೆ ಕಲ್ತೂಬನಹಳ್ಳಿಯ ತಗ್ಗಿಗೆ ಸಾಗಿಸಬೇಕಾಗಿ ಪ್ರಾರ್ಥನೆ. ಕೆಳಗೆ ಹೆಸರುಗಳು. ಮೂರನೆಯದು: ಸಹಿ, ಎಂ. ಗಂಗಾಧರಯ್ಯ.

ಅವರಿಗೆ ತಟ್ಟನೆ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ಆಗಷ್ಟೇ ಜಯನಗರದಲ್ಲಿ ಮನೆ ಕಟ್ಟಿ ಬಂದಿದ್ದರು. ಒಂದು ಭಾನುವಾರ ಮೂಲೆಮನೆಯವರು ಕಾಗದ ಹಿಡಿದು ಬಂದರು. ಇವರು ವರಾಂಡದಲ್ಲಿ ನಿಂತೇ, ಗೋಡೆಗೆ ಒತ್ತಿ ಸಹಿ ಹಾಕಿದ್ದರು. ಮೊದಲ ಸಾಲು ಓದಿದ್ದರು, ಸೊಳ್ಳೆಯ ವಿಷಯ. ಉಳಿದದ್ದನ್ನು ಓದಿದ್ದರೇ? ಓದಿರಲಾರರು. ಓದಿದ್ದರೂ ಹಾಕುತ್ತಿದ್ದರೇನೋ. ತಗ್ಗು ಅಂದರೆ ತಗ್ಗು. ಅದರಲ್ಲಿ ಕೆರೆ ಇದೆ, ಆ ಕೆರೆಯಲ್ಲಿ ತಮ್ಮ ಶಾಲೆಯ ಮಕ್ಕಳು ಸ್ಲೇಟು ತೊಳೆಯುತ್ತಿದ್ದರು ಎಂಬುದು ಆ ಭಾನುವಾರ ಅವರ ತಲೆಯಲ್ಲಿ ಸುಳಿದಿರಲೂ ಇಲ್ಲ.

"ಅಸಲು ಮಂತ್ರಿಗಳ ಫೈಲಿನಾಗದ. ನೀವು ಎದ್ದರೆ ಅವರೂ ಏಳಬೇಕು. ಯಾರ ಅಪ್ಪಣೆ ಅಂತ ನೀವೇ ಕೇಳೀರಿ. ಅವರು ಓದಬೇಕಾಗ್ತದ, ಹೆಸರು ಸಹಿತ." ಸೋಮಲಿಂಗಪ್ಪ ಗ್ಯಾಲರಿಯ ಕಡೆ ಒಮ್ಮೆ ಕಣ್ಣು ಹೊರಳಿಸಿದರು. "ಮ್ಯಾಲೆ ಕುಂತೋರಿಗೂ ಚಲೋ ಕೇಳ್ತದ. ಮೈಕ್ ಅದ ನೋಡ್ರಿ."

"ಅದು ಬೇರೆ, ಇದು ಬೇರೆ ಸಾರ್."

"ಹೌದ್ರೀ. ಎದ್ದು ಹಂಗೇ ಹೇಳ್ರಿ."

ನಲವತ್ತೆರಡನ್ನು ಕೂಗಿದರು. ಗಂಗಾಧರಯ್ಯನವರು ಮೇಲೆ ನೋಡಲಿಲ್ಲ. ಅಚ್ಚಾದ ಪ್ರಶ್ನೆಗಳ ಹಾಳೆಯನ್ನೂ ಆ ನಕಲನ್ನೂ ಒಟ್ಟಿಗೆ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

ಕ್ಯಾಂಟೀನು ಸಭಾಂಗಣದ ಹಿಂದಿನ ಮೊಗಸಾಲೆಗೆ ಅಂಟಿಕೊಂಡೇ ಇತ್ತು. ಬಾಗಿಲು ತೆರೆದು ಮುಚ್ಚುವಾಗ ಒಳಗಿನ ದನಿ ತುಂಡುತುಂಡಾಗಿ ಬರುತ್ತಿತ್ತು. ಸೋಮಲಿಂಗಪ್ಪ ಉಪ್ಪಿಟ್ಟು ಹೇಳಿದರು. ತುಪ್ಪ ತಟ್ಟೆಯ ಅಂಚಿಗೆ ಹರಿದು ಚಟ್ನಿಯ ನೀರಿನ ಜೊತೆ ಸೇರಿ ನಿಂತಿತು. ಆ ನೀರಲ್ಲೇ ಅವರು ಬೆರಳು ಅದ್ದಿ ಅದ್ದಿ ತಿಂದರು.

"ಮನೆ ಚಂದ ಕಟ್ಟಿಸೀರಂತ. ಬಚ್ಚಲಿಗೂ ಮೊಸಾಯಿಕ್ ಅಂತ?"

ಗಂಗಾಧರಯ್ಯನವರ ಮುಂದೆ ಕಾಫಿ ಬಂತು. ಮೇಲೆ ಕಂದು ನೊರೆ ದಪ್ಪಗೆ ಕಟ್ಟಿಕೊಂಡಿತ್ತು. ಲೋಟ ಮೇಜಿಗೆ ತಗುಲಿ ನೊರೆ ಮುದ್ದೆಯಾಗಿ ಅಲುಗಿತು.

ಯಾರೋ ಬಾಗಿಲು ತೆರೆದರು.

"ನಲವತ್ತಮೂರು. ಶ್ರೀ ಗಂಗಾಧರಯ್ಯನವರು."

ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳತೊಡಗಿತು.

"ಶ್ರೀ ಗಂಗಾಧರಯ್ಯನವರು." ಬಾಗಿಲ ಸಂದಿಯಿಂದ ಸಭಾಧ್ಯಕ್ಷರ ದನಿ ಮುಂದುವರಿಯಿತು: "ಮಾನ್ಯ ಸದಸ್ಯರು ಹಾಜರಿಲ್ಲ. ಮುಂದಿನ ಪ್ರಶ್ನೆ."

ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಅವರ ಕಾಲು ಮೇಜಿನ ಕೆಳಗೆ ಹಾಗೇ ಇತ್ತು. ಹಾಜರಿಲ್ಲದವನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಈ ಅಧಿವೇಶನದಲ್ಲಿ ಅದು ಇನ್ನು ಏಳುವುದಿಲ್ಲ. ಬೇರೆಯವರು ಹೀಗೆ ಜಾರಿಕೊಂಡಾಗ ಅವರೇ ನಕ್ಕಿದ್ದರು.

"ಕುಡೀರಿ, ಆರ್ತದ," ಅಂದರು ಸೋಮಲಿಂಗಪ್ಪ.

ಅವರು ಕುಡಿದರು. ತಳದ ಗಸಿಯವರೆಗೂ ಕುಡಿದರು.

ಮಧ್ಯಾಹ್ನ ಸಭೆ ಮುಗಿದಾಗ ನಾರಾಯಣಮ್ಮ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಕಾದಿದ್ದಳು. ಗಂಟು ಅವಳ ಬಗಲಿಗೆ ವಾಪಸು ಬಂದಿತ್ತು. ಇನ್ನೊಂದು ಬಾಗಿಲಿನಿಂದ ಹೋಗಬಹುದಿತ್ತು ಎಂದು ಗಂಗಾಧರಯ್ಯನವರಿಗೆ ಹೊಳೆಯುವಷ್ಟರಲ್ಲಿ ಅವಳು ಕಂಡುಬಿಟ್ಟಳು.

"ಮೇಷ್ಟ್ರೆ, ಕೇಳಿಸ್ಕೊಂಡೆ ಕಣಪ್ಪ! ಆ ಎತ್ತರದ ಕುರ್ಚಿ ಬುದ್ಧಿಯೋರು ನಿಮ್ಮ ಹೆಸ್ರ ಎಲ್ಡು ಸಲ ಕೂಗಿದ್ರು. ಬ್ಯಾರೆಯೋರ್ನೆಲ್ಲ ಒಂದೇ ಸಲ."

ಅವರು ಒಂದು ಮೆಟ್ಟಿಲು ಇಳಿದರು.

"ನೋಡ್ತೀನಿ, ನೀವೇ ಇಲ್ಲ ಅಲ್ಲಿ. ಎದೆ ಧಸಕ್ಕಂತು. ಪಕ್ಕದಾಗೆ ಕುಂತಿದ್ದೋನು ನಗಾಡ್ದ, ಕಾಫಿಗೆ ಹೋಗವ್ರೆ ಅಂದ. ಥೂ, ನಮ್ ಮೇಷ್ಟ್ರು ಅಂಥೋರಲ್ಲ, ಮಂತ್ರಿಗಳು ಒಳಿಕ್ಕೆ ಕರ್ಸ್ಕೊಂಡವ್ರೆ ಅಂದೆ. ಅಲ್ವರಾ?"

ಅವಳ ಕಣ್ಣು ಅವರ ಮುಖದ ಮೇಲೇ ಇತ್ತು. ಜೇಬಿನಲ್ಲಿದ್ದ ಹಾಳೆಯನ್ನು ಅವರ ಬೆರಳು ಮುಟ್ಟಿತು.

"ಹೂಂ," ಅಂದರು.

"ಅಷ್ಟೇ ಕಣಪ್ಪ. ಕೂಸಂತೂ ಹೋಯ್ತು. ಉಳಿದವಾದ್ರೂ ಬದುಕ್ಕೊಳ್ಳಿ." ಅವಳು ಗಂಟು ಬಿಚ್ಚಿ ದಂಟಿನಸೊಪ್ಪಿನ ದೊಡ್ಡ ಕಟ್ಟು ತೆಗೆದು ಅವರ ಕೈಗಿಟ್ಟಳು. "ಕೆರೆ ಹಿಂದಿನ ಮಡೀದು. ಈ ವರ್ಸ ಹೆಂಗ್ ಹುಲುಸಾಗಿ ಬಂದದೆ ನೋಡಿ, ಒಂದೊಂದು ಎಲೆ ಅಂಗೈಯಗ್ಲ. ಅಮ್ಮಾವ್ರಿಗೆ ಕೊಡಿ."

ಬಸ್ಸಿನಲ್ಲಿ ಆ ಕಟ್ಟು ಅವರ ತೊಡೆಯ ಮೇಲಿತ್ತು. ಎಸೆಯಬಹುದು ಎಂದುಕೊಂಡ ಜಾಗಗಳೆಲ್ಲ ಒಂದೊಂದಾಗಿ ಹಿಂದೆ ಹೋದವು.

ಅಂಜನಮ್ಮ ಸೊಪ್ಪು ನೋಡಿ ಹಿಗ್ಗಿದಳು. "ಎಷ್ಟು ಎಳಸಾಗಿದೆ! ರಾತ್ರಿಗೆ ಮಸ್ಸೊಪ್ಪು ಮಾಡ್ತೀನಿ. ನಿಮ್ಮ ಪ್ರಶ್ನೆ ಏನಾಯ್ತು?"

"ಆಯ್ತು."

ಅವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕೈಗೆ ಸೊಪ್ಪಿನ ವಾಸನೆ ಅಂಟಿತ್ತು. ಸೋಪು ಹಾಕಿ ಮೊಣಕೈಯವರೆಗೆ ತಿಕ್ಕಿದರು. ಮೂಸಿ ನೋಡಿ ಮತ್ತೆ ತಿಕ್ಕಿದರು. ಬಿಳಿಯ ನೊರೆ ಹೊಳೆಯುವ ಮೊಸಾಯಿಕ್ ನೆಲದ ಮೇಲೆ ಹರಿದು, ಮೂಲೆಯ ತೂತಿನ ಸುತ್ತ ಒಂದು ಸುತ್ತು ಹಾಕಿ, ಗೊಟಗೊಟ ಸದ್ದು ಮಾಡುತ್ತ ಇಳಿಯಿತು. ಸ್ವಲ್ಪ ನೊರೆ ತೂತಿನ ಬಾಯಲ್ಲೇ ಉಳಿಯಿತು. ಗಂಗಾಧರಯ್ಯನವರು ಅದನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ, ಹಂಡೆಯಿಂದ ಒಂದು ಚೊಂಬು ನೀರು ತೆಗೆದು ಅದರ ಮೇಲೆ ಹುಯ್ದರು.